ವಿನ್ಯಾಸಸಂಶೋಧನೆಯಲ್ಲಿ ವಿಮರ್ಶೆಯೂ ಸಮಾಜಸಂಬಂಧವೂ

ವಿನ್ಯಾಸವೆಂಬ ಮಾತು ಕನ್ನಡದ ಸಾಹಿತ್ಯವಿಚಾರಕ್ಕೆ ಹೊಸದಲ್ಲ. ಪದವಿನ್ಯಾಸ, ವರ್ಣವಿನ್ಯಾಸ ಮುಂತಾದ ಪ್ರಯೋಗಗಳಲ್ಲಿ ಅದು ಬಿಡಿಯಾದ ಅಂಗಗಳನ್ನು ಒಂದು ಉದ್ದೇಶಕ್ಕೆ ತಕ್ಕಂತೆ ಹೊಂದಿಸಿ ಇಡುವ ಕ್ರಮವನ್ನು ಸೂಚಿಸುತ್ತದೆ. ಈಚಿನ ಕಾಲದಲ್ಲಿ ಇದೇ ಮಾತು ಪಾತ್ರೆ, ವಸ್ತ್ರ, ಪೀಠೋಪಕರಣ, ಮುದ್ರಣ, ಯಂತ್ರ ಮೊದಲಾದುವನ್ನು ಯೋಜಿಸುವ ಕಲೆಗೆ ಹೆಸರಾಗಿ ನಿಂತಿದೆ. ಕಲೆಯುಂಟಾದ ಮೇಲೆ ಅದರ ಶಾಸ್ತ್ರವೂ ಹುಟ್ಟುವುದು ಸಹಜವೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ೧೯೬೧ರಲ್ಲಿಯೂ, ಮುಂಬಯಿಯ ಐ.ಐ.ಟಿ.ಯ ಕೈಗಾರಿಕಾ ವಿನ್ಯಾಸ ಕೇಂದ್ರ ೧೯೬೯ರಲ್ಲಿಯೂ ಸ್ಥಾಪಿತವಾದುವು. ಇಂದು ಈ ವಿಷಯದಲ್ಲಿ ಪ್ರಬಂಧಗಳನ್ನು ರಚಿಸಿ ಡಾಕ್ಟರೇಟ್ ಪದವಿಯನ್ನು ಪಡೆಯುವವರು ಅನೇಕರಿದ್ದಾರೆ. ಅಂಥ ಪ್ರಬಂಧವನ್ನು ಪರೀಕ್ಷಿಸತಕ್ಕವರ ಮುಂದೆ ಒಂದು ತೊಡಕು ನಿಲ್ಲುತ್ತದೆ. ಒಂದು ವಸ್ತುವನ್ನು ಮಾಡಿ ತಂದಿಟ್ಟಾಗ ಅದು ಕೇವಲ ಕಸಬುದಾರಿಕೆಯೋ, ಅಥವಾ ಸಂಶೋಧನೆಯೋ? ಸಂಶೋಧನೆಯಾದರೆ ಅದರ ಪ್ರಾಮಾಣ್ಯವನ್ನು ಯಾವುದರಿಂದ ಅಳೆಯಬೇಕು? ವಿಮರ್ಶೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸನು ೧೯೬೯ರಲ್ಲಿ ಪ್ರಕಟಿಸಿದ ಕೃತಕವಸ್ತುಗಳ ಶಾಸ್ತ್ರವನ್ನು ಕುರಿತ ಗ್ರಂಥದಲ್ಲಿ ವಿನ್ಯಾಸಕ್ಕೆ ಬಹಳ ವಿಶಾಲವಾದ ಲಕ್ಷಣವನ್ನು ಹೇಳಿದ್ದಾನೆ. ಇರುವ ಸ್ಥಿತಿಯನ್ನು ಹೆಚ್ಚು ಇಷ್ಟವಾದ ಸ್ಥಿತಿಗೆ ತಿರುಗಿಸುವ ಉಪಾಯವನ್ನು ಯಾರು ಯೋಚಿಸುವರೋ ಅವರೆಲ್ಲರೂ ವಿನ್ಯಾಸಕಾರರೆಂಬುದು ಅದರ ತಾತ್ಪರ್ಯ. ಲಕ್ಷಣವು ಅಚ್ಚುಕಟ್ಟಾಗಿದೆ, ವೈದ್ಯನಿಂದ ಹಿಡಿದು ಬಡಗಿಯವರೆಗೆ ಎಲ್ಲರನ್ನೂ ಒಳಗೊಳ್ಳುತ್ತದೆ. ಆದರೆ ಇಷ್ಟವೆಂಬುದು ಯಾರ ಇಷ್ಟ? ಮಾಡುವವನದೋ, ಮಾಡಿಸುವವನದೋ, ಬಳಸುವವನದೋ? ಈ ಒಂದು ಪದವನ್ನು ವಿಚಾರಿಸದೆ ಬಿಟ್ಟರೆ ಲಕ್ಷಣವು ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. ಏಕೆಂದರೆ ಊರಿನ ಕೆರೆಯನ್ನು ಮುಚ್ಚಿ ಮಾಳಿಗೆ ಕಟ್ಟುವವನ ಉಪಾಯವೂ ಅವನಿಗೆ ಇಷ್ಟವಾದ ಸ್ಥಿತಿಯನ್ನೇ ತರುತ್ತದೆ. ೧೯೭೩ರಲ್ಲಿ ಹಾರ್ಸ್ಟ್ ರಿಟೆಲ್, ಮೆಲ್ವಿನ್ ವೆಬ್ಬರ್ ಎಂಬಿಬ್ಬರು ಇದೇ ನ್ಯೂನತೆಯನ್ನು ಬೇರೊಂದು ಬಗೆಯಿಂದ ತೋರಿಸಿದರು. ಸಮಾಜಕ್ಕೆ ಸಂಬಂಧಿಸಿದ ಸಮಸ್ಯೆಗಳು ಗಣಿತದ ಲೆಕ್ಕಗಳಂತೆ ಮೊದಲೇ ಸಿದ್ಧವಾಗಿ ದೊರೆಯುವುದಿಲ್ಲ. ಸಮಸ್ಯೆಯನ್ನು ಹೇಗೆ ನಿರೂಪಿಸುವರೋ ಅದರಲ್ಲಿಯೇ ಪರಿಹಾರದ ದಿಕ್ಕು ಅಡಗಿರುತ್ತದೆ ಎಂಬುದು ಅವರ ವಾದ. ಹಾಗಿದ್ದಮೇಲೆ ಸಮಸ್ಯೆಯನ್ನು ನಿರೂಪಿಸುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದೇ ಮುಖ್ಯವಾಗುತ್ತದೆ.

ಈ ವಿಷಯದಲ್ಲಿ ಎರಡು ಪಕ್ಷಗಳು ಪ್ರಬಲವಾಗಿವೆ. ವಿನ್ಯಾಸವು ಲೋಕವನ್ನು ವಿಮರ್ಶಿಸಬೇಕು, ಪ್ರಶ್ನೆಗಳನ್ನು ಎಬ್ಬಿಸಬೇಕು ಎನ್ನುವುದು ಒಂದು. ವಿನ್ಯಾಸವು ಲೋಕಕ್ಕೆ ಸೇವೆಮಾಡಬೇಕು, ಇಲ್ಲದವರ ಕೊರತೆಯನ್ನು ನೀಗಬೇಕು ಎನ್ನುವುದು ಇನ್ನೊಂದು. ಮೊದಲನೆಯದನ್ನು ವಿಮರ್ಶಾಪಕ್ಷವೆಂದೂ ಎರಡನೆಯದನ್ನು ಸೇವಾಪಕ್ಷವೆಂದೂ ಕರೆಯಬಹುದು.

ವಿಮರ್ಶಾಪಕ್ಷದ ಆಚಾರ್ಯರೆನಿಸಿದವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಬೋಧಕರಾಗಿದ್ದ ಆಂಥೊನಿ ಡನ್, ಫಿಯೋನಾ ರೇಬಿ ಎಂಬ ದಂಪತಿಗಳು. ಡನ್ನನು ೧೯೯೯ರಲ್ಲಿ ಹೊರತಂದ ‘ಹರ್ಟ್ಸಿಯನ್ ಟೇಲ್ಸ್’ ಎಂಬ ಗ್ರಂಥ ಈ ಪಕ್ಷಕ್ಕೆ ಮೂಲ. ಇಬ್ಬರೂ ಸೇರಿ ಬರೆದ ‘ಸ್ಪೆಕ್ಯುಲೇಟಿವ್ ಎವೆರಿಥಿಂಗ್’ ೨೦೧೩ರಲ್ಲಿ ಪ್ರಕಟವಾಯಿತು. ಮಾರುಕಟ್ಟೆ ಕೇಳಿದ್ದನ್ನು ಚೆನ್ನಾಗಿ ಕಾಣುವಂತೆ ಮಾಡಿಕೊಡುವುದೇ ವಿನ್ಯಾಸಕಾರನ ಕೆಲಸವೆಂಬ ಭಾವನೆಯನ್ನು ಇವರು ಒಪ್ಪುವುದಿಲ್ಲ. ಇನ್ನೂ ಇಲ್ಲದ, ಆದರೆ ಬರಬಹುದಾದ ವಸ್ತುಗಳನ್ನು ಕಲ್ಪಿಸಿ ತೋರಿಸಿದರೆ, ನೋಡುವವರು ತಮ್ಮ ಕಾಲದ ವಿಜ್ಞಾನವೂ ವ್ಯಾಪಾರವೂ ಎತ್ತ ಸಾಗುತ್ತಿವೆಯೆಂದು ಯೋಚಿಸುವರೆಂಬುದು ಇವರ ನಂಬಿಕೆ. ಇದರಲ್ಲಿ ಒಪ್ಪತಕ್ಕ ಅಂಶ ಬಹಳವಿದೆ. ಕವಿಯು ಲೋಕದಲ್ಲಿಲ್ಲದುದನ್ನು ಕಲ್ಪಿಸಿ ಲೋಕದಲ್ಲಿರುವುದನ್ನು ತೋರಿಸುವಂತೆ ವಿನ್ಯಾಸಕಾರನೂ ಮಾಡಬಾರದೆಂದು ಯಾರೂ ವಿಧಿಸಲಾರರು. ಅಲ್ಲದೆ ಇವರ ಮೊದಲ ಪ್ರಯೋಗಗಳಲ್ಲಿ ಒಂದು ಗಮನಾರ್ಹವಾಗಿದೆ. ವಿದ್ಯುತ್ತರಂಗಗಳ ಭಯವನ್ನು ಕುರಿತ ಎಂಟು ಪೀಠೋಪಕರಣಗಳನ್ನು ಮಾಡಿ, ಒಪ್ಪಿದವರ ಮನೆಗಳಲ್ಲಿ ಕೆಲವು ಕಾಲ ಇರಿಸಿ, ಬಳಸಿದವರ ಅನುಭವವನ್ನು ಕೇಳಿ ೨೦೦೧ರ ಹೊತ್ತಿಗೆ ಪ್ರಕಟಿಸಿದರು. ಅಲ್ಲಿ ವಸ್ತುವು ಪ್ರದರ್ಶನಶಾಲೆಯನ್ನು ಬಿಟ್ಟು ಮನೆಯೊಳಕ್ಕೆ ಹೋಗಿತ್ತು.

ಈ ಪಂಥದಲ್ಲಿ ಮುಂದೆ ಬಂದ ಕೃತಿಗಳಲ್ಲಿ ಇಂಥ ಸಂಪರ್ಕ ಕ್ಷೀಣವಾಯಿತು. ಬರ್ಟನ್, ನಿಟ್ಟ ಎಂಬ ವಿನ್ಯಾಸಕಾರರ ‘ರಿಪಬ್ಲಿಕ್ ಆಫ್ ಸಾಲಿವೇಷನ್’ ಎಂಬ ಕೃತಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆಹಾರ ಸಾಲದೆ ಬಂದ ಒಂದು ಭವಿಷ್ಯಕಾಲದಲ್ಲಿ ಸರ್ಕಾರವು ಅವರವರ ಕೆಲಸಕ್ಕೆ ತಕ್ಕಂತೆ ಪಡಿಯನ್ನು ಅಳೆದುಕೊಡುವ ಚಿತ್ರ ಇದರ ವಸ್ತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ೨೦೧೩ರಲ್ಲಿ ತೊಡಗಿದ, ವಿನ್ಯಾಸವನ್ನೂ ಹಿಂಸೆಯನ್ನೂ ಕುರಿತ ವಿಚಾರಮಾಲೆಯಲ್ಲಿ ಇದು ಚರ್ಚೆಗೆ ಬಂದಿತು. ಬ್ರೆಜಿಲ್ ದೇಶದ ವಿಮರ್ಶಕರಾದ ಲೂಯಿಜಾ ಪ್ರಾಡೊ, ಪೆದ್ರೊ ಒಲಿವೇರ ಇವರು ೨೦೧೪ರಲ್ಲಿ ಎತ್ತಿದ ಆಕ್ಷೇಪ ಮರ್ಮಕ್ಕೆ ತಗಲುವಂಥದು: ಐರೋಪ್ಯನಿಗೆ ಭವಿಷ್ಯದ ಭೀಕರಕಲ್ಪನೆಯಾಗಿ ತೋರಿದ್ದು ಲೋಕದ ಬಹುಭಾಗಕ್ಕೆ ಗತಕಾಲದ, ಅಷ್ಟೇಕೆ, ಪ್ರತಿದಿನದ ಸಂಗತಿ. ೧೯೪೩ರ ಬಂಗಾಳದ ಕ್ಷಾಮವನ್ನು ಕೇಳಿ ಬಲ್ಲ, ಪಡಿತರದ ಅಂಗಡಿಯ ಮುಂದೆ ಸಾಲುನಿಂತು ಬಲ್ಲ ಭಾರತೀಯನಿಗೆ ಈ ಆಕ್ಷೇಪವನ್ನು ವಿವರಿಸಬೇಕಾದುದಿಲ್ಲ. ಹಸಿವನ್ನು ಕುರಿತು ವಿಮರ್ಶೆ ಹೊರಟಿತು. ಹಸಿದವನಿಗೆ ಅದರಲ್ಲಿ ಮಾತಿಗೆ ಎಡೆಯಿರಲಿಲ್ಲ. ಕಲ್ಪನೆ ಕೂಡದೆಂಬುದು ಈ ಆಕ್ಷೇಪದ ಅರ್ಥವಲ್ಲ. ತಾನು ಯಾವ ವಿಷಯವನ್ನು ಹೇಳುತ್ತಿದ್ದೇನೋ ಅದನ್ನು ಅನುಭವಿಸಿದವರಿಂದ ತಿದ್ದಿಸಿಕೊಳ್ಳುವ ಬಾಗಿಲನ್ನು ಆ ಕೃತಿ ಮುಚ್ಚಿಕೊಂಡಿತೆಂಬುದೇ ಅದರ ಸಾರ.

ಸೇವಾಪಕ್ಷದ ಪ್ರಮುಖನು ವಿಕ್ಟರ್ ಪಾಪಾನೆಕ್. ವಾಸ್ತವಲೋಕಕ್ಕಾಗಿ ವಿನ್ಯಾಸವೆಂಬ ಅರ್ಥದ ಅವನ ಗ್ರಂಥ ಇಂಗ್ಲಿಷಿನಲ್ಲಿ ೧೯೭೧ರಲ್ಲಿ ಪ್ರಕಟವಾಗಿ, ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ಹಣವುಳ್ಳವರ ಚಪಲಕ್ಕಾಗಿ ದುಡಿಯುವ ತನ್ನ ವೃತ್ತಿಯನ್ನು ಅವನಷ್ಟು ಕಟುವಾಗಿ ಖಂಡಿಸಿದವರು ವಿರಳ. ಅಂಗವಿಕಲರು, ವೃದ್ಧರು, ಮಕ್ಕಳು, ಬಡದೇಶಗಳ ಜನ ಇವರ ಅವಶ್ಯಕತೆಗಳಿಗೆ ವಿನ್ಯಾಸಕಾರನು ಗಮನಕೊಡಬೇಕೆಂದು ಅವನು ವಾದಿಸಿದನು. ಅವನ ಪ್ರಸಿದ್ಧ ನಿದರ್ಶನ, ಬಿಸುಟ ತಗಡಿನ ಡಬ್ಬಿಯೊಂದರಲ್ಲಿ ಮೇಣವನ್ನು ತುಂಬಿ, ಬತ್ತಿಯನ್ನು ಹೊತ್ತಿಸಿ, ಆ ಶಾಖದಿಂದಲೇ ನಡೆಯುವಂತೆ ಮಾಡಿದ ರೇಡಿಯೊ. ಇಂಡೊನೇಷ್ಯದ ಜನರು ತಮ್ಮ ಇಷ್ಟದಂತೆ ಬಣ್ಣದ ಬಟ್ಟೆ, ಕಪ್ಪೆಚಿಪ್ಪು ಮುಂತಾದುವನ್ನು ಅಂಟಿಸಿ ಅದನ್ನು ಅಲಂಕರಿಸಿದರೆಂದು ಅವನು ಸಂತೋಷದಿಂದ ಹೇಳುತ್ತಾನೆ.

ಜರ್ಮನಿಯ ಉಲ್ಮ್ ವಿನ್ಯಾಸಶಾಲೆಯಲ್ಲಿ ಕಲಿತು ಕಲಿಸಿ, ೧೯೬೮ರಿಂದ ಚಿಲಿ ದೇಶದಲ್ಲಿ ಕೆಲಸಮಾಡಿದ ಗೂಯಿ ಬೋನ್‌ಸಿಪ್ ಈ ಸೇವೆಯನ್ನು ತೀಕ್ಷ್ಣವಾಗಿ ಪರೀಕ್ಷಿಸಿದನು. ರೇಡಿಯೊದ ಪ್ರಯತ್ನಕ್ಕೆ ಅಮೆರಿಕದ ಸೈನ್ಯದೊಡನೆ ಸಂಬಂಧವಿದ್ದುದು ಅವನ ಕಣ್ಣು ತಪ್ಪಲಿಲ್ಲ. ಬಡದೇಶದ ಜನರನ್ನು ಕೊಡುಗೆಯನ್ನು ಸ್ವೀಕರಿಸುವವರಾಗಿ ಮಾತ್ರ ಕಾಣುವ ದೃಷ್ಟಿ ಹಳೆಯ ವಸಾಹತುಶಾಹಿಯದೇ ಹೊಸ ವೇಷವೆಂದು ಅವನ ಮತ. ಈ ಮತ ಪಾಪಾನೆಕನ ಸದುದ್ದೇಶಕ್ಕೆ ಸಲ್ಲತಕ್ಕ ಗೌರವವನ್ನು ಕೊಡುವುದಿಲ್ಲವೆಂದು ತೋರಬಹುದು. ಆದರೆ ಅದರ ತಿರುಳನ್ನು ನಿರಾಕರಿಸುವುದು ಕಷ್ಟ. ಆ ವೃತ್ತಾಂತದಲ್ಲಿ ಗ್ರಾಮದ ಜನರಿಗೆ ಡಬ್ಬಿಯ ಹೊರಮೈಯನ್ನು ಸಿಂಗರಿಸುವ ಸ್ವಾತಂತ್ರ್ಯ ದೊರೆತಿದೆ. ರೇಡಿಯೊ ಬೇಕೆ, ಅದರಲ್ಲಿ ಯಾರ ಧ್ವನಿ ಕೇಳಬೇಕು, ಎಂದು ನಿರ್ಧರಿಸುವ ಸ್ವಾತಂತ್ರ್ಯದ ಸುದ್ದಿಯಿಲ್ಲ. ವಿಮರ್ಶಾಪಕ್ಷದ ಕೃತಿಯಲ್ಲಿ ಕಂಡ ಲೋಪವೇ ಸೇವಾಪಕ್ಷದ ಕೃತಿಯಲ್ಲಿಯೂ ಬೇರೊಂದು ದಾರಿಯಿಂದ ಬಂದು ಸೇರಿದೆ.

ಈ ಲೋಪದ ಸ್ವರೂಪವನ್ನು ತಿಳಿಯಲು ಭಾರತದ ವಿನ್ಯಾಸಚರಿತ್ರೆಯಲ್ಲಿಯೇ ಎರಡು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಂದರಲ್ಲಿ ನೀರಿನ ಪಾತ್ರೆಯೂ ಇನ್ನೊಂದರಲ್ಲಿ ನೀರೂ ವಿಷಯ.

ಭಾರತ ಸರ್ಕಾರದ ಆಹ್ವಾನದಂತೆ ಬಂದ ಅಮೆರಿಕದ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ದಂಪತಿಗಳು ೧೯೫೮ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅಹಮದಾಬಾದಿನ ಸಂಸ್ಥೆಗೆ ಆ ವರದಿಯೇ ಆಧಾರ. ಅದರಲ್ಲಿ ಚೊಂಬನ್ನು ಕುರಿತು ಬರುವ ಭಾಗ ವಿನ್ಯಾಸವಿಮರ್ಶೆಯ ಒಳ್ಳೆಯ ಮಾದರಿಯೆಂದು ಪ್ರಸಿದ್ಧವಾಗಿದೆ. ಯಾವ ಒಬ್ಬನೂ ವಿನ್ಯಾಸಮಾಡದೆ, ಎಷ್ಟೋ ತಲೆಮಾರುಗಳ ಅನೇಕರ ಕೈಯಲ್ಲಿ ಈ ಪಾತ್ರೆ ರೂಪುಗೊಂಡಿತೆಂದು ಹೇಳಿ, ಇಂದು ಅಂಥದನ್ನು ಹೊಸದಾಗಿ ಯೋಜಿಸಬೇಕಾದವನು ಯಾವ ಯಾವ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ಅವರು ಪಟ್ಟಿಮಾಡಿದ್ದಾರೆ. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗೆ ನಿಲ್ಲುತ್ತದೆ, ತೊಳೆಯಲು ಬಾಯಿ ಎಷ್ಟು ಅಗಲವಿರಬೇಕು, ಬೆಲೆಯೇನು, ನೆಲಕ್ಕಿಟ್ಟಾಗ ಸದ್ದು ಹೇಗಿರುತ್ತದೆ ಎಂಬವರೆಗೂ ಅವರ ಸೂಕ್ಷ್ಮದೃಷ್ಟಿ ಹರಿದಿದೆ. ಹೊರಗಿನಿಂದ ಬಂದವರು ಒಂದು ಸಾಮಾನ್ಯವಾದ ಪಾತ್ರೆಯನ್ನು ಇಷ್ಟು ಆದರದಿಂದ ನೋಡಿದುದು ಶ್ಲಾಘ್ಯವಾದುದೇ. ಆದರೂ ಎಷ್ಟು ದೂರದಿಂದ ನೀರನ್ನು ಹೊರಬೇಕಾಗಿದೆ, ಏಕೆ ಹೊರಬೇಕಾಗಿದೆ ಎಂಬ ಪ್ರಶ್ನೆಗಳು ಆ ಪಟ್ಟಿಯಲ್ಲಿಲ್ಲ. ಹೊರುವವಳ ಕೈಯ ಅಳತೆಯನ್ನು ಕೇಳಿದವರು ಅವಳ ಅಭಿಪ್ರಾಯವನ್ನು ಕೇಳಲಿಲ್ಲ. ಅವಳು ಉತ್ತರಿಸಿದ್ದರೆ ಚೊಂಬಿನ ಮಾತನ್ನೇ ಎತ್ತುತ್ತಿದ್ದಳೆಂದು ಹೇಳಲಾಗದು.

ಆ ಉತ್ತರವನ್ನು ಮೂವತ್ತು ವರ್ಷಗಳ ಬಳಿಕ ಕರ್ನಾಟಕದ ಒಂದು ಹಳ್ಳಿ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನ ತಂತ್ರಜ್ಞಾನಗಳನ್ನು ಗ್ರಾಮಪ್ರದೇಶಕ್ಕೆ ಅನ್ವಯಿಸುವುದು ಅದರ ಗುರಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಕೇಂದ್ರವಿದ್ದಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಈ ವಿದ್ವಾಂಸರು ಲೆಕ್ಕಹಾಕಿದರು. ಬಹುಪಾಲು ಶಕ್ತಿ ಅಡುಗೆಯ ಸೌದೆಯಿಂದಲೇ ಬರುತ್ತಿದ್ದುದು ಕಂಡುಬಂದಿತು. ಇದರಿಂದ ಹೊರಡುವ ಅನುಮಾನ ಸ್ಪಷ್ಟವಾಗಿದ್ದಿತು: ದನಗಳ ಸಗಣಿಯಿಂದ ಅನಿಲವನ್ನು ಪಡೆದು ಅಡುಗೆಗೆ ಒದಗಿಸಬೇಕು. ಆ ಆರರಲ್ಲಿ ಒಂದಾದ, ಐನೂರಕ್ಕೆ ಮೀರದ ಜನಸಂಖ್ಯೆಯ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದು ಗೋಬರ್ ಅನಿಲದ ಸ್ಥಾವರವನ್ನು ಕಟ್ಟಲಾಯಿತು.

ಲೆಕ್ಕ ಸರಿಯಾಗಿದ್ದರೂ ಯೋಜನೆ ನಡೆಯಲಿಲ್ಲ. ಊರಿನ ಸಗಣಿಯಿಂದ ಹುಟ್ಟಿದ ಅನಿಲ ಎಲ್ಲ ಮನೆಗಳ ಎಲ್ಲ ಅಡುಗೆಗೂ ಸಾಲದಾಯಿತು. ಜನರ ಉತ್ಸಾಹವೂ ತಗ್ಗಿತು. ಇಂಥ ಸಂದರ್ಭದಲ್ಲಿ ಹಳ್ಳಿಯವರ ಅಜ್ಞಾನವನ್ನು ಹಳಿದು, ವರದಿಯನ್ನು ಬರೆದು, ಹಿಂದಿರುಗುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಜನರೊಡನೆ ಮಾತನಾಡಿದಾಗ ತಿಳಿದುಬಂದುದು ಇದು: ಸೌದೆಯನ್ನು ಅವರು ದುಡ್ಡು ಕೊಡದೆ ಆಯ್ದು ತರುತ್ತಿದ್ದರು, ಆದಕಾರಣ ಇಂಧನ ಅವರ ಮೊದಲ ಚಿಂತೆಯಾಗಿರಲಿಲ್ಲ. ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಸ್ಥಾವರವನ್ನು ಅದೇ ಉದ್ದೇಶಕ್ಕೆ ತಿರುಗಿಸಲಾಯಿತು. ಅನಿಲದಿಂದ ಸಣ್ಣ ಎಂಜಿನನ್ನು ನಡೆಸಿ, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಎತ್ತಿ ಬೀದಿಯ ನಲ್ಲಿಗಳಿಗೆ ಹರಿಸುವ, ಮನೆಗಳಿಗೆ ದೀಪ ಒದಗಿಸುವ ವ್ಯವಸ್ಥೆ ೧೯೮೭ರಲ್ಲಿ ಆರಂಭವಾಯಿತು. ಸಗಣಿಯನ್ನು ತಂದವರಿಗೆ ಸಣ್ಣ ಮೊತ್ತ ಸಲ್ಲುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರ ಹೊಲಗಳಿಗೇ ಹಿಂದಿರುಗುತ್ತಿತ್ತು. ಊರಿನ ಯುವಕರೇ ಯಂತ್ರವನ್ನು ನಡೆಸಿದರು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಮೊದಲಿನ ಸೋಲನ್ನು ಮರೆಮಾಚದೆ ವಿದ್ವತ್‌ಪತ್ರಿಕೆಗಳಲ್ಲಿ ಪ್ರಕಟಿಸಿದರು.

ಈ ಪ್ರಸಂಗದಲ್ಲಿ ವಿಮರ್ಶಕರಾರು? ಪುರದ ಜನರೇ. ಅವರ ವಿಮರ್ಶೆಯ ಮೊದಲ ರೂಪ ಮಾತಲ್ಲ, ನಿರುತ್ಸಾಹ. ಬಳಸದೆ ಬಿಡುವುದೂ ಒಂದು ಅಭಿಪ್ರಾಯವೇ. ಕಾವ್ಯದ ವಿಮರ್ಶೆಗೂ ವಸ್ತುವಿನ ವಿಮರ್ಶೆಗೂ ಇರುವ ಭೇದ ಇಲ್ಲಿ ಎದ್ದುಕಾಣುತ್ತದೆ. ಸಹೃದಯನು ಮೆಚ್ಚದಿದ್ದರೂ ಕಾವ್ಯದ ಪಾಠ ಹಾಗೆಯೇ ಉಳಿಯುತ್ತದೆ. ಅವನ ಅಸಮಾಧಾನದಿಂದ ಒಂದು ಪದ್ಯವೂ ಬದಲಾಗುವುದಿಲ್ಲ. ಉಪಯೋಗಕ್ಕಾಗಿ ಹುಟ್ಟಿದ ವಸ್ತುವಾದರೋ ಬಳಸುವವನ ಒಪ್ಪಿಗೆಯಿಂದಲೇ ಪೂರ್ಣವಾಗುತ್ತದೆ. ಅವನ ತಿರಸ್ಕಾರ ವಸ್ತುವಿನ ಒಳಗಣ ದೋಷವನ್ನೇ ಹೊರಗೆಡಹುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಶಾಸ್ತ್ರವನ್ನು ಓದದ ಕನ್ನಡಿಗರಲ್ಲಿಯೂ ಕಾವ್ಯಪರಿಣತಿಯನ್ನು ಗುರುತಿಸಿತ್ತು. ಕಾವ್ಯದಲ್ಲಿಯೇ ಓದದವರ ವಿವೇಕಕ್ಕೆ ಪ್ರಾಮಾಣ್ಯವಿದ್ದ ಮೇಲೆ, ನೀರು ಸೌದೆಗಳ ವಿಷಯದಲ್ಲಿ ಅದನ್ನು ಅಲ್ಲಗಳೆಯಲು ಕಾರಣವಿಲ್ಲ.

ಆದರೆ ಜನರ ಅಭಿಪ್ರಾಯವನ್ನು ಕೇಳಿದ ಮಾತ್ರಕ್ಕೆ ಸಂಶೋಧನೆಯಾಗದು. ಕೇಳಿದ ಮಾತು ಪ್ರಶ್ನೆಯನ್ನೇ ಬದಲಿಸಬಲ್ಲದಾದಾಗ ಮಾತ್ರ ಅದು ವಿಮರ್ಶೆಯಾಗಿ ಫಲಿಸುತ್ತದೆ. ನಾರ್ವೆಯ ಗಣಕಶಾಸ್ತ್ರಜ್ಞ ಕ್ರಿಸ್ಟೆನ್ ನ್ಯೂಗೋರ್ ೧೯೭೦ರ ದಶಕದ ಆದಿಯಲ್ಲಿ ಕಬ್ಬಿಣ ಮತ್ತು ಲೋಹದ ಕೆಲಸಗಾರರ ಸಂಘದೊಡನೆ ನಡೆಸಿದ ಸಂಶೋಧನೆ ಈ ಅಂಶವನ್ನು ಸ್ಪಷ್ಟಪಡಿಸುತ್ತದೆ. ಕಾರ್ಖಾನೆಗಳಿಗೆ ಗಣಕಯಂತ್ರ ಬಂದಾಗ ಕೆಲಸಗಾರರ ಸ್ಥಿತಿಯೇನಾಗುವುದೆಂಬುದು ವಿಷಯ. ವಿದ್ವಾಂಸರು ವರದಿಗಳನ್ನು ಬರೆದು ಸಂಘಕ್ಕೆ ಕೊಡುವುದೆಂದು ಮೊದಲು ಯೋಚಿಸಲಾಗಿತ್ತು. ಈ ಕ್ರಮದಿಂದ ಪ್ರಯೋಜನವಿಲ್ಲವೆಂದು ಕಂಡುಕೊಂಡು, ಸಂಶೋಧನೆಯ ಫಲವೆಂದರೇನೆಂಬುದನ್ನೇ ಹೊಸದಾಗಿ ನಿರ್ಣಯಿಸಿದರು: ಈ ಕೆಲಸದಿಂದ ಪ್ರೇರಿತವಾಗಿ ಸಂಘವು ಕೈಗೊಳ್ಳುವ ಕಾರ್ಯವೇ ಫಲ. ಇದೇ ಸಂಪ್ರದಾಯದಲ್ಲಿ ೧೯೮೧ರಿಂದ ೧೯೮೫ರವರೆಗೆ ಸ್ವೀಡನ್, ಡೆನ್ಮಾರ್ಕ್ ದೇಶಗಳಲ್ಲಿ ಮುದ್ರಣದ ಕೆಲಸಗಾರರೊಡನೆ ‘ಯುಟೋಪಿಯ’ ಎಂಬ ಯೋಜನೆ ನಡೆಯಿತು. ವೃತ್ತಪತ್ರಿಕೆಯ ಪುಟಗಳನ್ನು ಜೋಡಿಸುವ ಗಣಕಯಂತ್ರ ಹೇಗಿರಬೇಕೆಂದು ತಿಳಿಯಲು ಅವರು ರಟ್ಟು, ಹಲಗೆಗಳಿಂದ ಯಂತ್ರದ ಮಾದರಿಗಳನ್ನು ಮಾಡಿದರು. ಮುದ್ರಕಯಂತ್ರದ ಸ್ಥಾನದಲ್ಲಿ ಬರಿಯ ರಟ್ಟಿನ ಪೆಟ್ಟಿಗೆಯೊಂದು ಕುಳಿತಿತ್ತು. ಬೆಲೆಬಾಳುವ ಯಂತ್ರವನ್ನು ಟೀಕಿಸಲು ಹಿಂಜರಿಯುವ ಕೆಲಸಗಾರ ರಟ್ಟನ್ನು ಹಿಂಜರಿಯದೆ ಕತ್ತರಿಸುತ್ತಾನೆ. ಅಲ್ಲಿ ವಿಮರ್ಶೆಯೂ ವಿನ್ಯಾಸವೂ ಒಂದೇ ಕೈಯಿಂದ ನಡೆಯುತ್ತವೆ.

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಕಾರ್ಯವೇ ಫಲವೆಂದರೆ ಸಂಶೋಧನೆಗೂ ಸಮಾಜಸೇವೆಗೂ ಭೇದವುಳಿಯುವುದಿಲ್ಲವೆಂಬುದು ಮೊದಲನೆಯದು. ಭೇದವುಂಟು. ಪುರಕ್ಕೆ ನೀರು ಬಂದುದು ಸೇವೆ. ಶಕ್ತಿಯ ಲೆಕ್ಕದಿಂದ ಅವಶ್ಯಕತೆಯನ್ನು ಊಹಿಸಬಾರದು, ಹೆಚ್ಚು ಖರ್ಚಾಗುವುದೇ ಹೆಚ್ಚು ಬೇಕಾದುದೆಂದು ಹೇಳಲಾಗದು ಎಂಬ ಅರಿವು ಸಂಶೋಧನೆ. ಆ ಅರಿವು ಪುರವನ್ನು ದಾಟಿ ಬೇರೆ ಊರುಗಳಿಗೂ ಅನ್ವಯಿಸುತ್ತದೆ. ಬೇರೆಯವರು ಅದನ್ನು ಪರೀಕ್ಷಿಸಲೂಬಹುದು.

ಜನರೆಂಬುದು ಒಂದು ಮನಸ್ಸುಳ್ಳ ವ್ಯಕ್ತಿಯಲ್ಲ. ಗಂಡಸು ಹೆಂಗಸು, ಒಡೆಯ ಆಳು, ಮೇಲುಕೀಳು ಎಂಬ ಭೇದಗಳಿಂದ ಒಡೆದುಹೋಗಿದೆ. ಗಟ್ಟಿಯಾಗಿ ಮಾತನಾಡುವವನ ಇಷ್ಟವೇ ಊರಿನ ಇಷ್ಟವೆನಿಸಿಕೊಳ್ಳುವುದು ಎಂಬುದು ಎರಡನೆಯ ಆಕ್ಷೇಪ. ಇದು ಬಲವಾದುದು, ಇದಕ್ಕೆ ಪೂರ್ಣವಾದ ಸಮಾಧಾನವಿಲ್ಲ. ಸಗಣಿ ದನವುಳ್ಳ ಮನೆಯಲ್ಲಿ ಮಾತ್ರ ದೊರೆಯುತ್ತದೆ. ನೀರು ದನವಿಲ್ಲದವನಿಗೂ ಬೇಕು. ಇಂಥ ಅಸಮತೆಯನ್ನು ಕಂಡು ಅದಕ್ಕೆ ತಕ್ಕ ಏರ್ಪಾಡು ಮಾಡಬೇಕಾದವನು ವಿನ್ಯಾಸಕಾರನೇ. ಆದ್ದರಿಂದ ಅವನ ಸ್ವಂತ ವಿವೇಚನೆಗೆ ಇಲ್ಲಿ ರಜೆಯಿಲ್ಲ. ಯಾರು ಮಾತನಾಡಿದರು, ಯಾರು ಮಾತನಾಡಲಿಲ್ಲ ಎಂಬುದನ್ನು ಬರೆದಿಡುವುದು ಸಂಶೋಧಕನ ಪ್ರಥಮ ಕರ್ತವ್ಯಗಳಲ್ಲೊಂದು.

ಮೂರನೆಯದು, ಲೋಕದೊಡನೆ ಬೆರೆತವನಿಗೆ ಲೋಕವನ್ನು ವಿಮರ್ಶಿಸಲು ಬೇಕಾದ ದೂರ ದೊರೆಯದೆಂಬ ವಾದ. ದೂರ ಬೇಕೆಂಬುದು ನಿಜ. ಬೋನ್‌ಸಿಪ್‌ನ ಆಕ್ಷೇಪವೂ ಬ್ರೆಜಿಲಿನವರ ಆಕ್ಷೇಪವೂ ಹೊರಗೆ ನಿಂತು ನೋಡಿದವರಿಂದ ಬಂದುವಲ್ಲವೆ ಎಂದು ಕೇಳಬಹುದು. ಆದರೆ ಅವರು ಹೊರಗೆ ನಿಂತುದು ಯೂರೋಪು, ಅಮೆರಿಕಗಳ ವಿದ್ವದ್ವಲಯದ ರೂಢಿಯ ದೃಷ್ಟಿಯಿಂದ. ಬಡತನದ ಅನುಭವವನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ವಿಮರ್ಶಕನಿಗೆ ಬೇಕಾದ ದೂರ ತನ್ನ ವೃತ್ತಿಯ ಅಭಿಮಾನದಿಂದ, ವಿಷಯದಿಂದಲ್ಲ.

ಪುರದ ಸ್ಥಾವರ ಶಾಶ್ವತವಾಗಿ ಉಳಿಯಲಿಲ್ಲ. ಇದರಿಂದ ಆ ಪ್ರಯೋಗದ ಬೆಲೆ ಕುಗ್ಗಿತೆಂದು ತಿಳಿಯುವವರು ವಸ್ತುವನ್ನೂ ಅರಿವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಡಬ್ಬಿಯ ರೇಡಿಯೊ ಕೂಡ ಉಳಿಯಲಿಲ್ಲ. ಉಳಿದಿರುವುದು ಅದರ ಕಥೆ. ಎರಡರಲ್ಲಿ ಯಾವುದು ಮುಂದಿನವನನ್ನು ಕಡಿಮೆ ತಪ್ಪುಮಾಡುವಂತೆ ಮಾಡುತ್ತದೆಯೋ ಅದಕ್ಕೆ ಸಂಶೋಧನೆಯೆಂಬ ಹೆಸರು ಸಲ್ಲತಕ್ಕದ್ದು.

ಹೀಗೆ ವಿಚಾರಿಸಿದರೆ, ವಿನ್ಯಾಸಸಂಶೋಧನೆಯ ಪ್ರಬಂಧವನ್ನು ಪರೀಕ್ಷಿಸುವವರು ವಸ್ತುವಿನ ಚೆಲುವನ್ನಾಗಲಿ ಉದ್ದೇಶದ ಪಾವಿತ್ರ್ಯವನ್ನಾಗಲಿ ನೋಡಿ ತೃಪ್ತರಾಗಲಾಗದು. ಈ ವಸ್ತು ಯಾರ ಬಾಳಿಗೆ ತಗಲುತ್ತದೆಯೋ ಅವರಿಗೆ ಇದನ್ನು ಬೇಡವೆನ್ನುವ ಅವಕಾಶವಿತ್ತೆ? ಅವರು ಬೇಡವೆಂದಾಗ ಸಂಶೋಧಕನ ಪ್ರಶ್ನೆ ಎಲ್ಲಿ ಬದಲಾಯಿತು? ಆ ಬದಲಾವಣೆಯನ್ನು ಅವನು ಬರೆದಿಟ್ಟಿದ್ದಾನೆಯೆ? ಮೂರಕ್ಕೂ ಪ್ರಬಂಧದೊಳಗೆ ಉತ್ತರ ದೊರೆಯಬೇಕು. ದೊರೆಯದಿದ್ದರೆ, ಪ್ರದರ್ಶನಶಾಲೆಯಲ್ಲಿ ಅದು ಎಷ್ಟೇ ಮೆರೆದರೂ, ಹಳ್ಳಿಗೆ ಎಷ್ಟೇ ಬಾರಿ ಹೋಗಿಬಂದಿದ್ದರೂ, ಸಂಶೋಧನೆಯ ಕೆಲಸ ಇನ್ನೂ ಆರಂಭವಾಗಬೇಕಾಗಿದೆಯೆಂದೇ ಹೇಳಬೇಕು.